ಬೆಂಕಿ ಬೆಟ್ಟಗಳ ಬೆನ್ನು ಹತ್ತಿದ ಫಾನ್ ಬುಖ್

ಕರಿಕಲ್ಲು ಹುಟ್ಟಿದ್ದು ನೀರಿನಲ್ಲೋ, ಬೆಂಕಿಯಲ್ಲೋ? ಇಂದು ಹೈಸ್ಕೂಲು ವಿದ್ಯಾರ್ಥಿಯೂ ಥಟ್ಟನೆ ಉತ್ತರಿಸಬಲ್ಲ ಈ ಪ್ರಶ್ನೆ ಇನ್ನೂರು ವರ್ಷಗಳ ಹಿಂದೆ ಯೂರೋಪಿನ ವಿದ್ವಾಂಸರನ್ನು ಎರಡು ಬಣಗಳಾಗಿ ಒಡೆದಿತ್ತು. ಭೂಮಿಯ ಮೇಲಿನ ಕಲ್ಲುಗಳೆಲ್ಲ ಆದಿಸಾಗರದ ನೀರಿನಲ್ಲಿ ಕರಗಿದ್ದು ತಳಕ್ಕಿಳಿದು ಗಟ್ಟಿಯಾದವು ಎನ್ನುತ್ತಿತ್ತು ಒಂದು ಬಣ. ರೋಮನ್ನರ ಸಮುದ್ರದೇವತೆ ನೆಪ್ಚೂನ್‌ನ ಹೆಸರಿನಲ್ಲಿ ಇವರನ್ನು ‘ನೆಪ್ಚೂನ್‌ವಾದಿಗಳು’ ಎಂದು ಕರೆಯುತ್ತಿದ್ದರು. ಇಲ್ಲ, ಭೂಮಿಯ ಒಡಲ ಬೆಂಕಿಯೇ ಅನೇಕ ಕಲ್ಲುಗಳ ತಾಯಿ ಎನ್ನುತ್ತಿತ್ತು ಇನ್ನೊಂದು ಬಣ. ಪಾತಾಳದ ದೇವತೆ ಪ್ಲೂಟೋನ ಹೆಸರಿನಲ್ಲಿ ಇವರು ‘ಪ್ಲೂಟೋವಾದಿಗಳು’ ಎನಿಸಿಕೊಂಡರು.

ನೀರಿನ ಪಕ್ಷದ ಪಾಠಶಾಲೆಯಲ್ಲಿ ಕಲಿತು, ಬೆಂಕಿಯ ಬೆಟ್ಟಗಳನ್ನು ಕಣ್ಣಾರೆ ಕಂಡು ಪಕ್ಷ ಬದಲಿಸಿದವನೊಬ್ಬನಿದ್ದ. ಆತ ಜರ್ಮನಿಯ ಲಿಯೋಪೋಲ್ಡ್ ಫಾನ್ ಬುಖ್. ಜರ್ಮನ್ ಭಾಷೆಯಲ್ಲಿ ‘ಬುಖ್’ ಎಂದರೆ ಪುಸ್ತಕ. ಆದರೆ ಈತ ಪುಸ್ತಕಕ್ಕಿಂತ ಹೆಚ್ಚಾಗಿ ನಂಬಿದ್ದು ತನ್ನ ಕಾಲುಗಳನ್ನು, ಕಣ್ಣುಗಳನ್ನು. ಜ್ವಾಲಾಮುಖಿಗಳ ಅಧ್ಯಯನಕ್ಕೆ ಶಾಸ್ತ್ರದ ರೂಪ ಕೊಟ್ಟ ಮೊದಲಿಗರ ಸಾಲಿನಲ್ಲಿ ಈತನ ಹೆಸರಿದೆ. ಗುರುವಿನ ಸಿದ್ಧಾಂತವನ್ನು ಬಿಟ್ಟುಕೊಡುವ ಧೈರ್ಯ ತೋರಿದ ಈತ, ತನ್ನದೇ ಸಿದ್ಧಾಂತದ ವಿಷಯ ಬಂದಾಗ ಮಾತ್ರ ಜಗ್ಗಲಿಲ್ಲ. ಈತನ ಬದುಕು ಸ್ವಾರಸ್ಯಕರವಾಗಿರುವುದು ಈ ಕಾರಣಕ್ಕಾಗಿಯೇ.

ನೀರಿನ ಗುರು

ಬುಖ್ ಹುಟ್ಟಿದ್ದು 1774ರ ಏಪ್ರಿಲ್ 26ರಂದು, ಪ್ರಷ್ಯಾ ರಾಜ್ಯದ ಬ್ರಾಂಡೆನ್‌ಬರ್ಗ್ ಪ್ರಾಂತ್ಯದಲ್ಲಿ ಓಡರ್ ನದಿಯ ಬಳಿಯ ಸ್ಟೋಲ್ಪೆ ಎಂಬಲ್ಲಿ. ಜಮೀನುದಾರ ಶ್ರೀಮಂತರ ಮನೆತನ. ಹದಿನಾರನೆಯ ವಯಸ್ಸಿಗೆ, 1790ರಲ್ಲಿ, ಸ್ಯಾಕ್ಸನಿಯ ಫ್ರೈಬರ್ಗ್ ಗಣಿ ಅಕಾಡೆಮಿಗೆ ಸೇರಿದ. ಅಲ್ಲಿನ ಪ್ರಾಧ್ಯಾಪಕ ಅಬ್ರಹಾಂ ವೆರ್ನರ್‌ನ ಕೀರ್ತಿ ಆಗ ಯೂರೋಪಿನಾದ್ಯಂತ ಹಬ್ಬಿತ್ತು. ಆತನ ಪಾಠ ಕೇಳಲು ದೇಶದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಖನಿಜಗಳನ್ನು ಗುರುತಿಸುವ, ಶಿಲಾಪದರಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ನೋಡುವ ವಿದ್ಯೆಯನ್ನು ಆತನಷ್ಟು ಚೆನ್ನಾಗಿ ಕಲಿಸುವವರು ಇರಲಿಲ್ಲ.

ಆದರೆ ವೆರ್ನರ್ ಕಟ್ಟಾ ನೆಪ್ಚೂನ್‌ವಾದಿ. ಗ್ರಾನೈಟ್ ಎಲ್ಲಕ್ಕಿಂತ ಹಳೆಯ ಕಲ್ಲು, ಆದಿಸಾಗರದಲ್ಲಿ ಮೊದಲು ತಳಕ್ಕೆ ಇಳಿದದ್ದು ಅದೇ ಎಂಬುದು ಆತನ ವಾದ. ಬಸಾಲ್ಟ್ ಎಂಬ ಕಪ್ಪು ಕಲ್ಲೂ ನೀರಿನ ಕೂಸೇ. ಸ್ಯಾಕ್ಸನಿಯ ಶೈಬೆನ್‌ಬರ್ಗ್ ಗುಡ್ಡದಲ್ಲಿ ಮರಳು, ಜೇಡಿಗಳ ಮೇಲೆ ಬಸಾಲ್ಟ್ ಕಂಬಗಳು ಸಾಲಾಗಿ ನಿಂತದ್ದನ್ನು ನೋಡಿ ಆತ ಈ ತೀರ್ಮಾನಕ್ಕೆ ಬಂದಿದ್ದ. ಹಾಗಾದರೆ ಜ್ವಾಲಾಮುಖಿಗಳು? ನೆಲದಡಿಯ ಕಲ್ಲಿದ್ದಲಿನ ಪದರಗಳಿಗೆ ಬೆಂಕಿ ಹತ್ತಿ, ಸುತ್ತಲಿನ ಕಲ್ಲು ಕರಗಿ ಹೊರಬರುತ್ತದೆ, ಅಷ್ಟೇ. ವೆರ್ನರ್ ದೃಷ್ಟಿಯಲ್ಲಿ ಜ್ವಾಲಾಮುಖಿ ಭೂಮಿಯ ಇತಿಹಾಸದಲ್ಲಿ ಇತ್ತೀಚಿನ ಒಂದು ಸಣ್ಣ ಅಪಘಾತ. ಇಷ್ಟೆಲ್ಲ ಹೇಳಿದ ಈ ಗುರು ಸ್ಯಾಕ್ಸನಿಯ ಗಡಿ ದಾಟಿ ಹೋದದ್ದು ಬಹಳ ಕಡಿಮೆ.

ಈ ಬಸಾಲ್ಟ್ ನಮಗೆ ಅಪರಿಚಿತವಾದ ಕಲ್ಲಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ನೆಲದಡಿ ದೊಡ್ಡ ಪ್ರಮಾಣದಲ್ಲಿ ಹಾಸಿಕೊಂಡಿರುವುದು ಇದೇ. ಅಲ್ಲಿನ ಎರೆಮಣ್ಣು ಈ ಕಲ್ಲು ಸವೆದು ಆದದ್ದು. ಗೋಳಗುಮ್ಮಟ ನಿಂತಿರುವುದೂ ಈ ಕಲ್ಲಿನಿಂದಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಅದು. ವೆರ್ನರ್ ಮಾತು ನಿಜವಾಗಿದ್ದರೆ ಇದೂ ಸಮುದ್ರದ ಗಸಿ ಎನ್ನಬೇಕಾಗುತ್ತಿತ್ತು!

ಫ್ರೈಬರ್ಗ್‌ನಲ್ಲಿ ಬುಖ್‌ಗೆ ದೊರೆತ ಇನ್ನೊಂದು ಸಂಪತ್ತು ಗೆಳೆತನ. 1791ರಲ್ಲಿ ಅಲ್ಲಿಗೆ ಕಲಿಯಲು ಬಂದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಈತನಿಗಿಂತ ಐದು ವರ್ಷ ದೊಡ್ಡವನು. ಮುಂದೆ ದಕ್ಷಿಣ ಅಮೆರಿಕದ ಕಾಡುಮೇಡು ಸುತ್ತಿ ಜಗತ್ಪ್ರಸಿದ್ಧನಾದ ಈ ಹಂಬೋಲ್ಟ್ ಜತೆಗಿನ ಸ್ನೇಹ ಬುಖ್‌ನ ಕೊನೆಯ ದಿನದವರೆಗೂ, ಅಂದರೆ ಅರವತ್ತಕ್ಕೂ ಹೆಚ್ಚು ವರ್ಷ, ಕಳಚಲಿಲ್ಲ.

ಕಲ್ಲಿದ್ದಲು ಎಲ್ಲಿದೆ?

ಓದು ಮುಗಿಸಿದ ಬುಖ್ 1796ರಲ್ಲಿ ಸೈಲೀಷಿಯಾ ಪ್ರಾಂತ್ಯದ ಗಣಿ ಇಲಾಖೆ ಸೇರಿದ. ಆದರೆ ಸರ್ಕಾರಿ ಕುರ್ಚಿ ಆತನಿಗೆ ಒಗ್ಗಲಿಲ್ಲ. ಮರುವರ್ಷವೇ ರಾಜೀನಾಮೆ ಕೊಟ್ಟ. ಹೊಟ್ಟೆಪಾಡಿನ ಚಿಂತೆ ಇಲ್ಲದಷ್ಟು ಪಿತ್ರಾರ್ಜಿತ ಆಸ್ತಿಯಿತ್ತು. ಮದುವೆಯಾಗಲಿಲ್ಲ. ಅಲ್ಲಿಂದ ಮುಂದೆ ಐವತ್ತೈದು ವರ್ಷ ಆತ ಮಾಡಿದ್ದು ಒಂದೇ ಕೆಲಸ: ಕೈಯಲ್ಲಿ ಸುತ್ತಿಗೆ ಹಿಡಿದು ಯೂರೋಪನ್ನು ನಡೆದು ನೋಡಿದ್ದು.

ಮೊದಲು ಆಲ್ಪ್ಸ್, ಆಮೇಲೆ ಇಟಲಿ. 1799ರಲ್ಲಿ ನೇಪಲ್ಸ್ ತಲುಪಿ ವೆಸೂವಿಯಸ್ ಜ್ವಾಲಾಮುಖಿಯನ್ನು ಮೊದಲ ಬಾರಿ ಕಂಡ. ರೋಮ್ ನಗರದ ಸುತ್ತಲ ಗುಡ್ಡಗಳ ಕಲ್ಲುಗಳನ್ನೂ ಒಡೆದು ನೋಡಿದ. ಗುರು ಹೇಳಿದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಹಾಗೆಂದು ಗುರುವಿನ ಮಾತನ್ನು ಕೂಡಲೇ ತಳ್ಳಿಹಾಕುವ ಮನಸ್ಸೂ ಬರಲಿಲ್ಲ. ಗೊಂದಲ ಹೊತ್ತುಕೊಂಡೇ ಊರಿಗೆ ಮರಳಿದ.

ಆ ಗೊಂದಲ ಕಳೆದದ್ದು 1802ರಲ್ಲಿ, ಫ್ರಾನ್ಸಿನ ನಡುನಾಡಾದ ಓವೆರ್ನ್ ಪ್ರಾಂತ್ಯದಲ್ಲಿ. ಕ್ಲೆರ್ಮಾಂಟ್ ಪಟ್ಟಣದ ಹೊರಗೆ ಹತ್ತಾರು ಗುಡ್ಡಗಳು ಸಾಲುಗಟ್ಟಿ ನಿಂತಿವೆ. ಹಲವುಗಳ ನೆತ್ತಿಯಲ್ಲಿ ಬಟ್ಟಲಿನಂಥ ಕುಳಿ. ಅವು ಆರಿಹೋದ ಜ್ವಾಲಾಮುಖಿಗಳೆಂದು ಫ್ರೆಂಚ್ ವಿದ್ವಾಂಸ ಗೆಟ್ಟಾರ್ 1750ರ ದಶಕದಲ್ಲೇ ಸಾರಿದ್ದ. ಅಲ್ಲಿನ ಬಸಾಲ್ಟ್ ಕೂಡ ಲಾವಾವೇ ಎಂದು ಆಮೇಲೆ ದೆಮಾರೆ ನಕ್ಷೆ ಬರೆದು ತೋರಿಸಿದ್ದ. ಬುಖ್ ಅಲ್ಲಿ ಕುಳಿಯ ಅಂಚಿನಿಂದ ಹೊರಟ ಕಪ್ಪು ಕಲ್ಲಿನ ಹೊಳೆಯೊಂದನ್ನು ಬೆನ್ನು ಹತ್ತಿ ಕಣಿವೆಗಿಳಿದ. ಕಾಲಡಿಯಲ್ಲಿದ್ದದ್ದು ಬಸಾಲ್ಟ್. ಅದರ ಬುಡದಲ್ಲಿ ಏನಿದೆ ಎಂದು ನೋಡಿದರೆ ಗ್ರಾನೈಟ್!

ಗುರುವಿನ ಪಾಠದ ಪ್ರಕಾರ ಗ್ರಾನೈಟ್ ಎಲ್ಲಕ್ಕಿಂತ ಕೆಳಗಿನದು, ಹಳೆಯದು. ಅದರ ಕೆಳಗೆ ಕಲ್ಲಿದ್ದಲಿನ ಪದರ ಇರುವುದು ಸಾಧ್ಯವೇ ಇಲ್ಲ. ಕಲ್ಲಿದ್ದಲೇ ಇಲ್ಲದ ಮೇಲೆ ಈ ಬೆಂಕಿ ಬಂದದ್ದೆಲ್ಲಿಂದ? ಗ್ರಾನೈಟ್‌ಗಿಂತಲೂ ಆಳದಿಂದ ಎನ್ನದೆ ಬೇರೆ ದಾರಿ ಇರಲಿಲ್ಲ. ಗುರು ಕಲಿಸಿದ ಲೆಕ್ಕದಿಂದಲೇ ಗುರುವಿನ ಸಿದ್ಧಾಂತ ಉರುಳಿತು. ಓವೆರ್ನ್‌ನ ಬಸಾಲ್ಟ್ ಬೆಂಕಿಯಿಂದ ಹುಟ್ಟಿದ್ದು ಎಂದು ಬುಖ್ ಒಪ್ಪಿಕೊಂಡ. ಆದರೂ ಸ್ಯಾಕ್ಸನಿಯ ಬಸಾಲ್ಟ್ ಬಗ್ಗೆ ಅದೇ ಮಾತು ಹೇಳಲು ಆಗ ಆತನ ಬಾಯಿ ಬರಲಿಲ್ಲ. ನಂಬಿಕೆ ಬಿಡುವುದು ಒಂದೇ ದಿನದ ಕೆಲಸವಲ್ಲವಲ್ಲ.

1805ರ ಆಗಸ್ಟ್‌ನಲ್ಲಿ ಬುಖ್ ಮತ್ತೆ ವೆಸೂವಿಯಸ್ ಬಳಿ ಇದ್ದ. ಈ ಸಲ ಜತೆಗಿದ್ದವರು ಅಮೆರಿಕ ಖಂಡದಿಂದ ಮರಳಿದ್ದ ಹಂಬೋಲ್ಟ್ ಮತ್ತು ಫ್ರಾನ್ಸಿನ ರಸಾಯನ ವಿಜ್ಞಾನಿ ಗೇ ಲೂಸಾಕ್. ಆ ತಿಂಗಳ 12ರಂದು ಬೆಟ್ಟ ಸಿಡಿದು, ಲಾವಾ ಇಳಿಜಾರಿನಲ್ಲಿ ಧಾವಿಸಿದ್ದನ್ನು ಮೂವರೂ ಕಣ್ಣಾರೆ ಕಂಡರು. ಜ್ವಾಲಾಮುಖಿ ಒಂದು ಸಣ್ಣ ಅಪಘಾತ ಎಂಬ ಮಾತು ಬುಖ್‌ನ ಪಾಲಿಗೆ ಇನ್ನು ಉಳಿಯುವಂತಿರಲಿಲ್ಲ.

ಏರುತ್ತಿದ್ದ ನೆಲ

ಮುಂದಿನ ಪಯಣ ಉತ್ತರಕ್ಕೆ. 1806ರಿಂದ 1808ರವರೆಗೆ ಬುಖ್ ನಾರ್ವೆ, ಸ್ವೀಡನ್ ಮತ್ತು ಲ್ಯಾಪ್‌ಲ್ಯಾಂಡ್‌ಗಳಲ್ಲಿ ಅಲೆದಾಡಿದ. ನಾರ್ವೆಯ ಕ್ರಿಸ್ಟಿಯಾನಿಯಾ (ಇಂದಿನ ಓಸ್ಲೋ) ಬಳಿ ಪಳೆಯುಳಿಕೆಗಳಿಂದ ಕೂಡಿದ ಸುಣ್ಣಕಲ್ಲಿನ ಮೇಲೆ ಗ್ರಾನೈಟ್ ಕುಳಿತಿರುವುದನ್ನು ಕಂಡ. ಹಾಗಾದರೆ ಗ್ರಾನೈಟ್ ಎಲ್ಲಕ್ಕಿಂತ ಹಳೆಯದೆಂಬುದೂ ಸುಳ್ಳು! ವೆರ್ನರ್ ಕಟ್ಟಿದ ಮನೆಯ ಇನ್ನೊಂದು ಕಂಬ ಬಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಸ್ವೀಡನ್ನಿನ ಕರಾವಳಿಯಲ್ಲಿ ಸಮುದ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿರುವುದು ಅಲ್ಲಿನ ಬೆಸ್ತರಿಗೆಲ್ಲ ಗೊತ್ತಿತ್ತು. ನೀರು ಕಡಿಮೆಯಾಗುತ್ತಿದೆ ಎಂದು ಖಗೋಳಜ್ಞ ಸೆಲ್ಸಿಯಸ್ ವಿವರಣೆ ಕೊಟ್ಟಿದ್ದ. ಬುಖ್ ಅದನ್ನು ಒಪ್ಪಲಿಲ್ಲ. ಒಂದು ಕಡೆ ಸಮುದ್ರ ಇಳಿದರೆ ಎಲ್ಲ ಕಡೆಯೂ ಇಳಿಯಬೇಕಲ್ಲವೇ? ಇಳಿಯುತ್ತಿರುವುದು ನೀರಲ್ಲ, ಏರುತ್ತಿರುವುದು ನೆಲ ಎಂದು ಆತ ಸಾರಿದ. ಈ ಪ್ರವಾಸದ ಕಥನ 1810ರಲ್ಲಿ ಪುಸ್ತಕವಾಗಿ ಹೊರಬಂತು.

ಆತ ಹೇಳಿದ್ದು ನಿಜ. ಬಾಲ್ಟಿಕ್ ಸಮುದ್ರದ ಉತ್ತರ ಭಾಗದ ತೀರ ಇಂದಿಗೂ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್‌ನಷ್ಟು ಮೇಲೇರುತ್ತಿದೆ. ಇದರ ಕಾರಣ ಕೇಳಿದರೆ ಮಾತ್ರ ಬುಖ್ ಹೌಹಾರುತ್ತಿದ್ದನೇನೋ. ಹಿಮಯುಗದಲ್ಲಿ ಆ ನೆಲದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ ಕುಳಿತು ಅದನ್ನು ಕೆಳಗೆ ಅದುಮಿತ್ತು. ಮಂಜು ಕರಗಿದ ಮೇಲೆ ಭಾರ ಇಳಿದು ನೆಲ ನಿಧಾನವಾಗಿ ಮೇಲೇಳುತ್ತಿದೆ. 1837ರಲ್ಲಿ ಲೂಯಿ ಅಗಾಸಿ ಹಿಮಯುಗದ ಕಲ್ಪನೆಯನ್ನು ಮುಂದಿಟ್ಟಾಗ ಅದನ್ನು ಉಗ್ರವಾಗಿ ವಿರೋಧಿಸಿದವರಲ್ಲಿ ಬುಖ್ ಕೂಡ ಒಬ್ಬ. ತಾನೇ ಕಂಡುಹಿಡಿದ ಸತ್ಯಕ್ಕೆ ಕಾರಣವಾದದ್ದನ್ನು ತಾನೇ ಅಲ್ಲಗಳೆದಂತಾಯಿತು.

ಪಾದ್ರಿಯ ದಿನಚರಿ

1815ರಲ್ಲಿ ಬುಖ್ ಅಟ್ಲಾಂಟಿಕ್ ಸಾಗರದ ಕೆನರಿ ದ್ವೀಪಗಳಿಗೆ ಹಡಗು ಹತ್ತಿದ. ಜತೆಗಾರ ನಾರ್ವೆಯ ತರುಣ ಸಸ್ಯವಿಜ್ಞಾನಿ ಕ್ರಿಸ್ಟೆನ್ ಸ್ಮಿತ್. ಇಬ್ಬರೂ ಟೆನೆರಿಫ್ ದ್ವೀಪದಲ್ಲಿ 3,700 ಮೀಟರ್‌ಗೂ ಎತ್ತರದ ಟೈಡೆ ಶಿಖರವನ್ನೇರಿದರು. ಗ್ರ್ಯಾನ್ ಕೆನೇರಿಯಾ, ಲಾ ಪಾಲ್ಮಾ, ಲಾಂಜರೋಟೆ ದ್ವೀಪಗಳನ್ನು ಸುತ್ತಿದರು. ಒಬ್ಬ ಗಿಡಗಳನ್ನು ಕೂಡಿಟ್ಟರೆ ಇನ್ನೊಬ್ಬ ಕಲ್ಲುಗಳನ್ನು. ಪಾಪ, ಸ್ಮಿತ್ ಮರುವರ್ಷ ಆಫ್ರಿಕದ ಕಾಂಗೋ ನದಿಯ ಶೋಧನೆಗೆ ಹೋದವನು ಅಲ್ಲಿಯೇ ಕಣ್ಣುಮುಚ್ಚಿದ. ಕೆನರಿ ದ್ವೀಪಗಳನ್ನು ಕುರಿತ ಬುಖ್‌ನ ದೊಡ್ಡ ಗ್ರಂಥ 1825ರಲ್ಲಿ ಪ್ರಕಟವಾಯಿತು.

ಆ ಗ್ರಂಥದ ಒಂದು ಭಾಗ ಇಂದಿಗೂ ಓದುಗರ ಎದೆ ನಡುಗಿಸುತ್ತದೆ. ಲಾಂಜರೋಟೆಯಲ್ಲಿ 1730ರಿಂದ 1736ರವರೆಗೆ, ಸುಮಾರು ಆರು ವರ್ಷ ಕಾಲ, ನೆಲ ಬೆಂಕಿ ಕಾರಿತ್ತು. ದ್ವೀಪದ ಸುಮಾರು ಕಾಲುಭಾಗ ಲಾವಾದಡಿ ಹೂತುಹೋಯಿತು. ಯಾಯ್ಸಾ ಎಂಬ ಹಳ್ಳಿಯ ಪಾದ್ರಿ ಆಂಡ್ರೆಸ್ ಲೊರೆಂಜೊ ಕುರ್ಬೆಲೊ ಇದನ್ನೆಲ್ಲ ನೋಡುತ್ತ ದಿನಚರಿ ಬರೆದಿಟ್ಟ. 1730ರ ಸೆಪ್ಟೆಂಬರ್ 1ರ ರಾತ್ರಿ, ಒಂಬತ್ತು-ಹತ್ತು ಗಂಟೆಯ ನಡುವೆ, ತಿಮಾನ್‌ಫಾಯಾ ಎಂಬಲ್ಲಿ ನೆಲ ಇದ್ದಕ್ಕಿದ್ದಂತೆ ಬಿರಿಯಿತು. ಅದೇ ರಾತ್ರಿ ಅಲ್ಲೊಂದು ಬೆಟ್ಟ ಎದ್ದಿತು. ಲಾವಾ ಒಂದರ ಹಿಂದೊಂದು ಹಳ್ಳಿಯನ್ನು ನುಂಗಿತು. ವಿಷದ ಹಬೆಗೆ ದನಕರುಗಳು ನಿಂತಲ್ಲೇ ಉಸಿರುಕಟ್ಟಿ ಬಿದ್ದವು. ಸತ್ತ ಮೀನುಗಳು ರಾಶಿರಾಶಿಯಾಗಿ ದಡಕ್ಕೆ ಬಂದವು. ದಿನಚರಿ 1731ರ ಡಿಸೆಂಬರ್‌ಗೆ ನಿಲ್ಲುತ್ತದೆ. ಬೆಂಕಿ ಆರುವ ಲಕ್ಷಣ ಕಾಣದೆ ಪಾದ್ರಿ ತನ್ನ ಊರಿನ ಜನರೊಂದಿಗೆ ಗ್ರ್ಯಾನ್ ಕೆನೇರಿಯಾ ದ್ವೀಪಕ್ಕೆ ಗುಳೆ ಹೊರಟ.

ಆ ದಿನಚರಿಯನ್ನು ಬುಖ್ ಜರ್ಮನ್ ಭಾಷೆಯಲ್ಲಿ ತನ್ನ ಗ್ರಂಥಕ್ಕೆ ಸೇರಿಸಿದ. ಮೂಲ ಪ್ರತಿ ಮುಂದೆ ಕಳೆದುಹೋಯಿತು. ಒಬ್ಬ ಹಳ್ಳಿ ಪಾದ್ರಿ ಸಾವಿನ ಅಂಚಿನಲ್ಲಿ ಕುಳಿತು ಬರೆದ ಸಾಕ್ಷ್ಯ ಲೋಕಕ್ಕೆ ಉಳಿದದ್ದು ಬುಖ್‌ನಿಂದ.

ದ್ವೀಪಗಳ ಗಿಡಮರಗಳ ಬಗೆಗೂ ಆತ ಒಂದು ಮಾತು ಬರೆದಿದ್ದ. ಒಂದೇ ಜಾತಿಯ ಗಿಡದ ಬೇರೆ ಬೇರೆ ಬಗೆಗಳು ದೀರ್ಘಕಾಲ ಪ್ರತ್ಯೇಕವಾಗಿ ಬೆಳೆದರೆ ನಿಧಾನವಾಗಿ ಬದಲಾಗಿ, ಪರಸ್ಪರ ಬೆರೆಯಲಾರದ ಬೇರೆಯೇ ಜಾತಿಗಳಾಗುತ್ತವೆ ಎಂಬುದು ಅದರ ತಾತ್ಪರ್ಯ. ಚಾರ್ಲ್ಸ್ ಡಾರ್ವಿನ್ ತನ್ನ ಪ್ರಸಿದ್ಧ ‘ಜೀವಜಾತಿಗಳ ಉಗಮ’ ಗ್ರಂಥಕ್ಕೆ ಆಮೇಲೆ ಸೇರಿಸಿದ ಚಾರಿತ್ರಿಕ ಟಿಪ್ಪಣಿಯಲ್ಲಿ ಬುಖ್‌ನ ಈ ಮಾತನ್ನು ಹೆಸರಿಸಿ ನೆನೆದಿದ್ದಾನೆ.

ಗುಳ್ಳೆಯಂತೆ ಉಬ್ಬಿದ ಬೆಟ್ಟ

ಲಾ ಪಾಲ್ಮಾ ದ್ವೀಪದ ನಡುವೆ ಒಂದು ಭಾರಿ ಕುಳಿಯಿದೆ. ಅದರ ಅಂಚಿನ ಶಿಖರ ಸಮುದ್ರಮಟ್ಟದಿಂದ 2,400 ಮೀಟರ್‌ಗೂ ಎತ್ತರ. ಒಳಗೆ ಕಡಿದಾದ ಕಲ್ಲಿನ ಗೋಡೆಗಳು. ಊರಿನವರು ಅದನ್ನು ‘ಕಾಲ್ಡೆರಾ’ ಎನ್ನುತ್ತಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಕೊಪ್ಪರಿಗೆ. ಬುಖ್ ಈ ಪದವನ್ನು ತನ್ನ ಬರಹದಲ್ಲಿ ಬಳಸಿದ. ಜ್ವಾಲಾಮುಖಿಯ ವಿಶಾಲ ಕುಳಿಗೆ ಇಂದು ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಬಳಸುವ ಪದ ಅದೇ.

ಆ ಕೊಪ್ಪರಿಗೆಯ ಗೋಡೆಗಳಲ್ಲಿ ಲಾವಾ ಪದರಗಳು ಒಂದರ ಮೇಲೊಂದು ಕುಳಿತು, ನಡುವಿನಿಂದ ಹೊರಮುಖವಾಗಿ ಇಳಿಜಾರಾಗಿದ್ದವು. ಬುಖ್ ಯೋಚಿಸಿದ: ಲಾವಾ ದ್ರವ. ಕಡಿದಾದ ಇಳಿಜಾರಿನಲ್ಲಿ ಅದು ನಿಲ್ಲದೆ ಜಾರಿಹೋಗುತ್ತದೆ, ದಪ್ಪ ಹಾಸಾಗಿ ಗಟ್ಟಿಯಾಗಲಾರದು. ಆದ್ದರಿಂದ ಈ ಪದರಗಳು ಮೊದಲು ಸಮತಟ್ಟಾಗಿಯೇ ಇದ್ದಿರಬೇಕು. ಆಮೇಲೆ ಒಳಗಿನ ಹಬೆ ಮತ್ತು ಶಿಲಾರಸದ ಒತ್ತಡಕ್ಕೆ ನೆಲವೇ ಗುಳ್ಳೆಯಂತೆ ಉಬ್ಬಿ, ನೆತ್ತಿ ಒಡೆದು, ಕುಸಿದು ಕುಳಿಯಾಗಿರಬೇಕು. ಬೆಟ್ಟ ಕಟ್ಟಿದ್ದಲ್ಲ, ಎದ್ದದ್ದು! ಇದೇ ಆತನ ‘ಏರಿಕೆಯ ಕುಳಿ’ ಸಿದ್ಧಾಂತ. ಮೆಕ್ಸಿಕೋದಲ್ಲಿ 1759ರಲ್ಲಿ ಹುಟ್ಟಿದ ಹೊರುಲ್ಯೊ ಜ್ವಾಲಾಮುಖಿಯ ಸುತ್ತಲ ಬಯಲು ಗುಳ್ಳೆಯಂತೆ ಉಬ್ಬಿತ್ತೆಂದು ಹಂಬೋಲ್ಟ್ ಬರೆದಿದ್ದು ಇದಕ್ಕೆ ಬೆಂಬಲವಾಯಿತು. ಫ್ರಾನ್ಸಿನ ಎಲಿ ದ ಬೋಮಾಂ ಕೂಡ ಬುಖ್‌ನ ಪಕ್ಷ ವಹಿಸಿದ.

ಇಂಗ್ಲೆಂಡಿನ ಪೌಲೆಟ್ ಸ್ಕ್ರೋಪ್ ಮತ್ತು ಚಾರ್ಲ್ಸ್ ಲಯೆಲ್ ಇದನ್ನು ಒಪ್ಪಲಿಲ್ಲ. ಜ್ವಾಲಾಮುಖಿ ತಾನು ಉಗುಳಿದ ಬೂದಿ, ಕಲ್ಲು, ಲಾವಾಗಳನ್ನು ತನ್ನ ಸುತ್ತಲೇ ಗುಡ್ಡೆಹಾಕಿಕೊಂಡು ಬೆಳೆಯುತ್ತದೆ, ಇರುವೆ ಗೂಡಿನ ಬಾಯಿಯ ಸುತ್ತ ಮಣ್ಣು ಬೆಳೆದಂತೆ, ಎಂಬುದು ಅವರ ಅಭಿಪ್ರಾಯ. 1831ರ ಜುಲೈನಲ್ಲಿ ಪ್ರಕೃತಿಯೇ ಒಂದು ಪರೀಕ್ಷೆ ಒಡ್ಡಿತು. ಸಿಸಿಲಿಯ ದಕ್ಷಿಣಕ್ಕೆ ಸಮುದ್ರದ ನಡುವಿನಿಂದ ಹೊಸ ಜ್ವಾಲಾಮುಖಿ ದ್ವೀಪವೊಂದು ತಲೆಯೆತ್ತಿತು. ಫ್ರಾನ್ಸಿನ ವಿಜ್ಞಾನಿ ಕಾನ್‌ಸ್ಟಂಟ್ ಪ್ರೆವೋ ಅಲ್ಲಿಗೆ ಹೋಗಿ ಇಳಿದು ನೋಡಿದ. ಬರೀ ಬೂದಿ-ಕಿಟ್ಟದ ರಾಶಿ. ಸಮುದ್ರತಳ ಎದ್ದು ಬಂದ ಗುರುತೇ ಇಲ್ಲ. ವರ್ಷ ಮುಗಿಯುವುದರೊಳಗೆ ಅಲೆಗಳು ದ್ವೀಪವನ್ನು ಕೊಚ್ಚಿಹಾಕಿದವು.

ಬುಖ್ ಮಾತ್ರ ಅಲುಗಾಡಲಿಲ್ಲ. ಓವೆರ್ನ್‌ನಲ್ಲಿ ಕಲ್ಲಿನ ಮಾತಿಗೆ ಕಿವಿಗೊಟ್ಟು ಗುರುವನ್ನೇ ಮೀರಿದವನು ಈಗ ತಾನೇ ಗುರುವಿನ ಪೀಠದಲ್ಲಿದ್ದ. ಈತನ ಹೆಸರಿನ ಭಾರದಿಂದಲೇ ‘ಏರಿಕೆಯ ಕುಳಿ’ ಹಲವು ದಶಕ ಬಾಳಿತು. ಅದಕ್ಕೆ ಕೊನೆಯ ಪೆಟ್ಟು ಬಿದ್ದದ್ದು ಬುಖ್ ತೀರಿಹೋದ ಮೇಲೆ. 1853-54ರ ಚಳಿಗಾಲದಲ್ಲಿ ಲಯೆಲ್ ಅದೇ ಕೆನರಿ ದ್ವೀಪಗಳಿಗೆ ಹೋಗಿ ಅದೇ ಕಾಲ್ಡೆರಾ ನೋಡಿದ. ಆಮೇಲೆ ಸಿಸಿಲಿಯ ಎಟ್ನಾ ಬೆಟ್ಟದಲ್ಲಿ, ಇತ್ತೀಚೆಗಷ್ಟೇ ಹರಿದ ಲಾವಾ ಕಡಿದಾದ ಇಳಿಜಾರುಗಳಲ್ಲಿಯೇ ದಪ್ಪ ಹಾಸಾಗಿ ಗಟ್ಟಿಯಾಗಿರುವುದನ್ನು ಅಳೆದು ತೋರಿಸಿ 1858ರಲ್ಲಿ ಪ್ರಬಂಧ ಮಂಡಿಸಿದ. ಬುಖ್‌ನ ಇಡೀ ವಾದ ನಿಂತಿದ್ದ ಕಲ್ಲೇ ಜಾರಿತು.

ಹೆಸರಿಲ್ಲದ ನಕ್ಷೆ

ಜ್ವಾಲಾಮುಖಿಗಳಾಚೆಗೂ ಬುಖ್‌ನ ಕೆಲಸ ಹರಡಿತ್ತು. 1826ರಲ್ಲಿ ಜರ್ಮನಿಯ ಭೂವೈಜ್ಞಾನಿಕ ನಕ್ಷೆ 42 ಹಾಳೆಗಳಲ್ಲಿ ಹೊರಬಂತು. ವರ್ಷಗಟ್ಟಲೆ ಶ್ರಮದ ಆ ನಕ್ಷೆಯಲ್ಲಿ ಬುಖ್‌ನ ಹೆಸರು ಎಲ್ಲಿಯೂ ಇರಲಿಲ್ಲ. 1839ರಲ್ಲಿ ಜರ್ಮನಿಯ ಜುರಾ ಶಿಲಾಪದರಗಳನ್ನು ಕಪ್ಪು, ಕಂದು, ಬಿಳಿ ಎಂದು ಮೂರು ಭಾಗ ಮಾಡಿ ವಿವರಿಸಿದ. ‘ಜುರಾಸಿಕ್ ಪಾರ್ಕ್’ ಸಿನಿಮಾದಿಂದ ಮಕ್ಕಳ ಬಾಯಲ್ಲೂ ನಲಿದಾಡುವ ಆ ಜುರಾಸಿಕ್ ಯುಗದ ಕಲ್ಲುಗಳ ಲೆಕ್ಕಾಚಾರದಲ್ಲಿ ಈತನ ಪಾಲು ದೊಡ್ಡದು. ಒಂದು ಪದರದಲ್ಲಿ ಮಾತ್ರ ಸಿಗುವ ಪಳೆಯುಳಿಕೆಯ ಸಹಾಯದಿಂದ ಆ ಪದರವನ್ನು ಎಲ್ಲಿದ್ದರೂ ಗುರುತಿಸುವ ವಿಧಾನವನ್ನು ಬಳಕೆಗೆ ತಂದವರಲ್ಲೂ ಈತ ಪ್ರಮುಖ. ಲಂಡನ್ನಿನ ಭೂವೈಜ್ಞಾನಿಕ ಸೊಸೈಟಿ 1842ರಲ್ಲಿ ವೊಲಾಸ್ಟನ್ ಪದಕ ನೀಡಿತು. 1848ರಲ್ಲಿ ಜರ್ಮನ್ ಭೂವೈಜ್ಞಾನಿಕ ಸಂಘ ಸ್ಥಾಪನೆಯಾದಾಗ ಮೊದಲ ಅಧ್ಯಕ್ಷನಾಗಿ ಬುಖ್ ಆಯ್ಕೆಯಾದ. ಹಂಬೋಲ್ಟ್ ಅಂತೂ ಗೆಳೆಯನನ್ನು ಆ ಕಾಲದ ಅತಿ ದೊಡ್ಡ ಭೂವಿಜ್ಞಾನಿ ಎಂದೇ ಕರೆದ.

ಏನು ಉಳಿಯಿತು?

2021ರ ಸೆಪ್ಟೆಂಬರ್ 19ರಂದು ಲಾ ಪಾಲ್ಮಾ ಮತ್ತೆ ಸುದ್ದಿಯಾಯಿತು. ದ್ವೀಪದ ದಕ್ಷಿಣ ಭಾಗದಲ್ಲಿ ನೆಲ ಬಿರಿದು 85 ದಿನ ಲಾವಾ ಹರಿಯಿತು. ಸಾವಿರಾರು ಜನ ಮನೆಮಠ ಬಿಟ್ಟು ಓಡಬೇಕಾಯಿತು. ಬಯಲಿನಂತಿದ್ದ ಇಳಿಜಾರಿನಲ್ಲಿ ಬೂದಿ-ಕಿಟ್ಟ ಕೂಡಿಕೂಡಿ ಹೊಸ ಗುಡ್ಡವೊಂದು ಬೆಳೆದದ್ದನ್ನು ಜಗತ್ತು ಟಿ.ವಿ.ಯಲ್ಲಿ ದಿನದಿನವೂ ನೋಡಿತು. ಅದು ಲಯೆಲ್ ಹೇಳಿದಂತೆಯೇ ಬೆಳೆಯಿತು. ಆದರೆ ಸ್ಫೋಟಕ್ಕೆ ಮುನ್ನ ನೆಲ ಕೆಲವು ಸೆಂಟಿಮೀಟರ್‌ಗಳಷ್ಟು ಉಬ್ಬಿದ್ದನ್ನು ಉಪಕರಣಗಳು ದಾಖಲಿಸಿದ್ದವು. ಒಳಗಿನ ಒತ್ತಡಕ್ಕೆ ನೆಲ ಉಬ್ಬುತ್ತದೆ ಎಂಬಷ್ಟರ ಮಟ್ಟಿಗೆ ಬುಖ್ ಹೇಳಿದ್ದು ಸುಳ್ಳಲ್ಲ. ಇಂದು ಜ್ವಾಲಾಮುಖಿಯ ಮುನ್ಸೂಚನೆಗಾಗಿ ವಿಜ್ಞಾನಿಗಳು ಕಾದು ನೋಡುವ ಲಕ್ಷಣಗಳಲ್ಲಿ ಇದೂ ಒಂದು. ಉಬ್ಬಿದ ನೆಲವೇ ಬೆಟ್ಟ ಎಂದದ್ದು ಮಾತ್ರ ಆತನ ತಪ್ಪು.

ಇನ್ನೊಂದು ವಿಚಿತ್ರವಿದೆ. ಲಾ ಪಾಲ್ಮಾದ ಆ ಪ್ರಸಿದ್ಧ ಕೊಪ್ಪರಿಗೆ ಜ್ವಾಲಾಮುಖಿ ಕುಸಿದು ಆದದ್ದಲ್ಲ, ಭಾರಿ ಭೂಕುಸಿತ ಮತ್ತು ಮಳೆನೀರಿನ ಕೊರೆತದಿಂದ ಆದದ್ದು ಎನ್ನುತ್ತಾರೆ ಇಂದಿನ ವಿಜ್ಞಾನಿಗಳು. ಅಂದರೆ ‘ಕಾಲ್ಡೆರಾ’ ಪದ ಹುಟ್ಟಿದ ಕುಳಿಯೇ ಶಾಸ್ತ್ರದ ಅರ್ಥದಲ್ಲಿ ಕಾಲ್ಡೆರಾ ಅಲ್ಲ! ಬುಖ್‌ನ ವಿವರಣೆ ಹೋಯಿತು, ಆತ ತಂದ ಪದ ಉಳಿಯಿತು. ಸ್ವೀಡನ್ನಿನ ನೆಲ ಏಕೆ ಏರುತ್ತಿದೆ ಎಂಬುದು ಆತನಿಗೆ ತಿಳಿಯಲಿಲ್ಲ, ಆದರೆ ಅದು ಏರುತ್ತಿದೆ ಎಂದದ್ದು ಉಳಿಯಿತು. ಪಾದ್ರಿಯ ದಿನಚರಿ ಉಳಿಯಿತು.

1852ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಬುಖ್ ಇನ್ನೊಮ್ಮೆ ಓವೆರ್ನ್‌ನ ಗುಡ್ಡಗಳಿಗೆ ಹೋದ. ಐವತ್ತು ವರ್ಷಗಳ ಹಿಂದೆ ಗ್ರಾನೈಟ್ ಮೇಲೆ ಕುಳಿತ ಕಪ್ಪು ಕಲ್ಲು ತನ್ನ ನಂಬಿಕೆಯನ್ನು ಬುಡಮೇಲು ಮಾಡಿದ ಜಾಗವನ್ನು ಮತ್ತೆ ಸುತ್ತಿದ. ಬರ್ಲಿನ್‌ಗೆ ಮರಳಿ ಅಕಾಡೆಮಿಯಲ್ಲಿ ಜುರಾಸಿಕ್ ಪದರಗಳ ಮೇಲೆ ಪ್ರಬಂಧ ಓದಿದ. ಕೆಲವೇ ತಿಂಗಳಲ್ಲಿ, 1853ರ ಮಾರ್ಚ್ 4ರಂದು, ಅಲ್ಲಿಯೇ ತೀರಿಕೊಂಡ. ಹಂಬೋಲ್ಟ್ ಆಗ ಎಂಬತ್ತಮೂರರ ಮುದುಕ. ಫ್ರೈಬರ್ಗ್‌ನ ಪಾಠಶಾಲೆಯಲ್ಲಿ ನೀರಿನ ಗುರುವಿನ ಎದುರು ಕುಳಿತಿದ್ದ ಇಬ್ಬರು ಗೆಳೆಯರಲ್ಲಿ ಉಳಿದವನು ಅವನೊಬ್ಬನೇ.